ಗೆರೆ ಮಲಗಿದರೆ

ಕಾಲಿಗೂ ಅಂಕ ಕೊಡುವ ಕಾಲವೊಂದು ಬಂದಿತ್ತು. ಶಾಲೆಗಳಲ್ಲಿ ಮಕ್ಕಳಿಗೆ ಅಂಕ ಕೊಡುವುದನ್ನು ನಿಲ್ಲಿಸಿ ಎಷ್ಟೋ ವರ್ಷಗಳಾಗಿದ್ದವು. ಸಕ್ಕರೆ ಕಾಯಿಲೆಯವರ ಕಾಲಿಗೆ ಮಾತ್ರ ಪ್ರತಿ ಸಂಜೆ ನೂರಕ್ಕೆ ಇಷ್ಟು ಎಂದು ಬೀಳುತ್ತಿತ್ತು. ಅದಕ್ಕೆ ಪಾದಾಂಕ ಎಂದು ಹೆಸರು. ಗದಗಿನಲ್ಲಿ ಪಾದ ಕೇಂದ್ರ ಎಂಬ ದೊಡ್ಡ ಕಟ್ಟಡವೆದ್ದು, ಸುತ್ತಲಿನ ಜಿಲ್ಲೆಗಳಲ್ಲಿ ಶುಗರ್ ಇದ್ದವರಿಗೆಲ್ಲ ಒಂದೊಂದು ಜೊತೆ ಕಾವಲು ಚಪ್ಪಲಿ ಹಂಚಿತ್ತು. ನೋಡಲು ಎಲ್ಲರೂ ಮೆಟ್ಟುವಂಥ ಚಪ್ಪಲಿಯೇ. ಆದರೆ ಅದರ ಅಟ್ಟೆಯೊಳಗೆ ಕೂದಲಿಗಿಂತ ತೆಳ್ಳಗಿನ ತಂತುಗಳ ನೇಯ್ಗೆಯಿತ್ತು. ಅಂಗಾಲಿನ ಬಿಸಿ, ಊರಿದ ಭಾರ, ನೆತ್ತರಿನ ಮಿಡಿತ ಎಲ್ಲವನ್ನೂ ಅದು ಹಿಡಿದು ಕೇಂದ್ರಕ್ಕೆ ಕಳಿಸುತ್ತಿತ್ತು. ಕೇಂದ್ರದ ಪರದೆಯ ಮೇಲೆ ಒಬ್ಬೊಬ್ಬರಿಗೆ ಒಂದೊಂದು ಗೆರೆ. ನಡೆದರೆ ಗೆರೆ ಕುಣಿಯುತ್ತಿತ್ತು, ನಡೆಯದಿದ್ದರೆ ನೆಲಕಚ್ಚಿ ಮಲಗುತ್ತಿತ್ತು.

ಸಕ್ಕರೆ ಕಾಯಿಲೆ ಬಂದವರ ಕಾಲು ಮೊದಲು ನೋವನ್ನು ಮರೆಯುತ್ತದೆ, ಆಮೇಲೆ ರಕ್ತವನ್ನು ಮರೆಯುತ್ತದೆ. ಮುಳ್ಳು ಚುಚ್ಚಿದ್ದು ತಿಳಿಯುವುದಿಲ್ಲ. ತಿಳಿಯುವ ಹೊತ್ತಿಗೆ ಬೆರಳು ಕಪ್ಪಾಗಿರುತ್ತದೆ. ಅಂಥ ಕಾಲಿಗೆ ಹಿಂದೆ ಕತ್ತಿಯೊಂದೇ ದಾರಿಯಾಗಿತ್ತು. ಈಗ ಚಿಗುರು ಎಂಬ ಮದ್ದು ಬಂದಿತ್ತು. ಗಾಯಕ್ಕೆ ತುಂಬಿದರೆ, ಸಾಯುತ್ತಿರುವ ಮಾಂಸದೊಳಗೆ ಹೊಸ ರಕ್ತನಾಳಗಳನ್ನು ಹಬ್ಬಿಸುವ ಜೀವಕೋಶಗಳ ಲೋಳೆ ಅದು. ಕೇಂದ್ರದ ಲ್ಯಾಬಿನ ಗಾಜಿನ ಜಾಡಿಗಳಲ್ಲಿ ಮೊಸರಿಗೆ ಹೆಪ್ಪು ಹಾಕಿದಂತೆ ಹಾಕಿ ವಾರಗಟ್ಟಲೆ ಕಾಯಬೇಕು. ಹತ್ತು ಜಾಡಿಯಲ್ಲಿ ಒಂದು ಕೈಗೆ ಸಿಕ್ಕರೆ ಪುಣ್ಯ. ಬೇಡುವವರು ಊರಿಗೂರೇ, ಮದ್ದು ಬೊಗಸೆಯಷ್ಟು. ಆದ್ದರಿಂದ ಯಾರಿಗೆ ಚಿಗುರು, ಯಾರಿಗೆ ಕತ್ತಿ ಎಂಬುದನ್ನು ಪಾದಾಂಕ ತೀರ್ಮಾನಿಸುತ್ತಿತ್ತು. ನಲವತ್ತರ ಮೇಲಿದ್ದರೆ ಚಿಗುರಿನ ಸರದಿಗೆ ಹೆಸರು, ಅಲ್ಲಿ ಹೆಚ್ಚು ಅಂಕದವರು ಮುಂದೆ. ಕೆಳಗಿದ್ದರೆ ಮೊಣಕಾಲ ಕೆಳಗೆ ಕತ್ತಿ, ಮೇಲೊಂದು ಪುಕ್ಕಟೆ ಕೃತಕ ಕಾಲು. ದುಡಿಯುವ ಕಾಲು ಉಳಿಯಲಿ, ಮಲಗಿದ ಕಾಲು ಹೋಗಲಿ ಎಂಬ ಈ ಲೆಕ್ಕ ಕೇಳಿದವರಿಗೆಲ್ಲ ನ್ಯಾಯವೆಂದೇ ತೋರುತ್ತಿತ್ತು, ತಮ್ಮ ಕಾಲಿನ ಸರದಿ ಬರುವ ತನಕ.

ಈ ಕೇಂದ್ರದ ನಿಯಂತ್ರಣ ಕೊಠಡಿಗೆ ಶಿವಲೀಲಾ ಹೊಸಮನಿ ಮುಖ್ಯಸ್ಥೆ. ಗೆರೆಗಳನ್ನು ಓದುವುದರಲ್ಲಿ ಅವಳನ್ನು ಮೀರಿಸಿದವರಿಲ್ಲ ಎಂದು ಹೆಸರು ಮಾಡಿದ್ದಳು. ಆದರೆ ಅವಳು ಆ ಕುರ್ಚಿಗೆ ಬಂದದ್ದು ಸೇವೆಗೆಂದಲ್ಲ, ಸೇಡಿಗೆ.

ಅವಳ ತಾಯಿ ದಾನಮ್ಮ ಸ್ಟೇಶನ್ ರಸ್ತೆಯಲ್ಲಿ ಖಾನಾವಳಿ ನಡೆಸುವವಳು. ನಸುಕಿನಲ್ಲಿ ಹಿಟ್ಟು ನಾದುವುದರಿಂದ ಹಿಡಿದು ಕಡೆಯ ಪಂಕ್ತಿಗೆ ಮಜ್ಜಿಗೆ ಹಾಕುವ ತನಕ ಒಲೆ, ಹಂಚು, ಪಂಕ್ತಿ, ಮತ್ತೆ ಒಲೆ ಎಂದು ಗಾಣದ ಎತ್ತಿನ ಹಾಗೆ ತಿರುಗುತ್ತಿದ್ದಳು. ಅದೆಲ್ಲ ಬರಿಗಾಲಿನಲ್ಲಿ. ಅನ್ನ ಬೇಯುವ ಜಾಗಕ್ಕೆ ಚಪ್ಪಲಿ ತಂದ ಖಾನಾವಳಿಯಲ್ಲಿ ಯಾರು ಉಂಡಾರು? ಕೇಂದ್ರದವರು ಕೊಟ್ಟ ಕಾವಲು ಚಪ್ಪಲಿ ದಿನವಿಡೀ ಹೊಸ್ತಿಲ ಹೊರಗೆ ಬಿಸಿಲು ಕಾಯುತ್ತ ಬಿದ್ದಿರುತ್ತಿತ್ತು. ಅದು ಕಂಡದ್ದು ಮನೆಯಿಂದ ಖಾನಾವಳಿಗೆ ಬರುವ ಒಂದು ತುಣುಕು ರಸ್ತೆಯನ್ನಷ್ಟೇ. ಒಂದು ದಿನ ಒಲೆಯ ಕೆಂಡ ಬಲಗಾಲಿನ ಮೇಲೆ ಬಿದ್ದದ್ದು ದಾನಮ್ಮನಿಗೆ ಗೊತ್ತೇ ಆಗಲಿಲ್ಲ. ಸುಟ್ಟ ವಾಸನೆ ಬಂದಾಗ ರೊಟ್ಟಿ ಹೊತ್ತಿತೆಂದು ತಿಳಿದು ಹಂಚಿನ ಕಡೆಗೆ ನೋಡಿದಳಂತೆ. ಗಾಯ ಮಾಯಲಿಲ್ಲ. ಕೇಂದ್ರಕ್ಕೆ ಹೋದಾಗ ಚಪ್ಪಲಿ ಸಾಕ್ಷಿ ಹೇಳಿತು: ಈ ಹೆಂಗಸು ಹಾಸಿಗೆ ಹಿಡಿದವಳು, ನಡೆಯುವುದೇ ಇಲ್ಲ. ಪಾದಾಂಕ ಹನ್ನೊಂದು. ಕಾಲು ಹೋಯಿತು.

ಆಗ ಶಿವಲೀಲಾ ಇಂಜಿನಿಯರಿಂಗ್ ಓದುತ್ತಿದ್ದಳು. ತಾಯಿಯ ಗೆರೆಯನ್ನು ಕೇಳಿ ಪಡೆದು ನೋಡಿದಳು. ಬೆಳಿಗ್ಗೆ ಒಂದು ಸಣ್ಣ ಕುಣಿತ, ಸಂಜೆ ಒಂದು ಸಣ್ಣ ಕುಣಿತ, ನಡುವೆಲ್ಲ ಮಲಗಿದ ಗೆರೆ. ಮಲಗಿದ್ದು ತಾಯಿಯಲ್ಲ, ಚಪ್ಪಲಿ ಎಂಬುದು ಅವಳಿಗೆ ಒಂದೇ ನೋಟಕ್ಕೆ ತಿಳಿಯಿತು. ಪಾದಾಂಕದ ಸೂತ್ರ ಬರೆದ ಡಾ. ವೀರೇಶ ಪಟ್ಟಣಶೆಟ್ಟಿಯವರ ಮನೆಗೇ ಹೋಗಿ ಹೇಳಿದಳು. ಈ ನಾಡಿನಲ್ಲಿ ಹೆಂಗಸರು ದಿನದ ಹೆಚ್ಚು ಹೊತ್ತು ನಡೆಯುವುದು ಚಪ್ಪಲಿ ಬಿಟ್ಟ ಜಾಗದಲ್ಲೇ, ನಿಮ್ಮ ಯಂತ್ರ ಅದನ್ನು ನೋಡುತ್ತಿಲ್ಲ, ಸೂತ್ರ ತಿದ್ದಿರಿ ಎಂದು ಬೇಡಿಕೊಂಡಳು. ಅವರೇನು ಕೆಟ್ಟ ಮನುಷ್ಯರಲ್ಲ. ಕೂರಿಸಿ ಚಹಾ ಕೊಡಿಸಿದರು, ಪೂರ್ತಿ ಕೇಳಿಸಿಕೊಂಡರು, ಆಮೇಲೆ ನಕ್ಕರು.

"ಮನ್ಯಾಗ ಹೆಣ್ಮಕ್ಕಳು ಮಾಡೂದು ಅಡ್ಡಾಟ, ನಡಿಗಿ ಅಲ್ಲ ತಂಗಿ. ಚಪ್ಪಲಿ ಮನ್ಯಾಗೂ ಹಾಕ್ಕೋರಿ ಅಂತ ನಾವು ಹೇಳೇ ಹೇಳೀವಿ. ಕೇಳಲಿಲ್ಲಂದ್ರ ನಾ ಏನ್ ಮಾಡ್ಲಿ?"

ಹೀಗೆ ಹೇಳುವಾಗ ಅವರು ತಮ್ಮ ನುಣ್ಣನೆಯ ನೆಲದ ಮೇಲೆ ಬರಿಗಾಲಿನಲ್ಲಿ ನಿಂತಿದ್ದರು. ಅವರ ಚಪ್ಪಲಿ ಬಾಗಿಲ ಹೊರಗೆ ಶಿವಲೀಲಾಳ ಚಪ್ಪಲಿಯ ಪಕ್ಕದಲ್ಲೇ ಇತ್ತು. ಹೇಳುವುದು ಶಾಸ್ತ್ರ, ಇಕ್ಕುವುದು ಗಾಳ. ಅಡ್ಡಾಟ ಎಂಬ ಆ ಒಂದು ಮಾತು ಅವಳ ಎದೆಯಲ್ಲಿ ಮುರಿದ ಮುಳ್ಳಿನಂತೆ ಉಳಿಯಿತು. ಹೊರಗೆ ಬಂದು ಚಪ್ಪಲಿ ಮೆಟ್ಟುವಾಗ, ಈ ಮಾತನ್ನು ಇವನಿಗೇ ತಿನ್ನಿಸದೆ ಬಿಡುವುದಿಲ್ಲ ಎಂದು ಅವಳು ತೀರ್ಮಾನಿಸಿದ್ದಳು.

ಓದು ಮುಗಿಸಿ ಅದೇ ಕೇಂದ್ರಕ್ಕೆ ಸೇರಿದಳು. ಹಲ್ಲು ಕಚ್ಚಿ ದುಡಿದಳು. ಚಪ್ಪಲಿಯ ತಂತುವನ್ನೇ ಹೊಸೆದು ಕಣಕಾಲಿಗೆ ಕಟ್ಟುವ ಕರಿದಾರವೊಂದನ್ನು ಮಾಡಿದಳು. ದೃಷ್ಟಿಯಾಗದಿರಲೆಂದು ಹೆಂಗಸರು ಹೇಗೂ ಕರಿದಾರ ಕಟ್ಟುತ್ತಾರೆ, ಅಡುಗೆಮನೆಗೂ ಅದಕ್ಕೆ ಅಡ್ಡಿಯಿಲ್ಲ. ಬೆಟಗೇರಿಯ ಕೆಲವು ನೇಕಾರ ಹೆಂಗಸರಿಗೆ ಪರೀಕ್ಷೆಗೆಂದು ಕಟ್ಟಿಯೂ ಆಯಿತು. ಕಟ್ಟಿದ ದಾರವನ್ನು ಅವರು ಮತ್ತೆ ಬಿಚ್ಚಲಿಲ್ಲ, ಅವರ ಗೆರೆಗಳು ಹಗಲೆಲ್ಲ ಕುಣಿದವು. ಆದರೆ ಸಮಿತಿ ಅದನ್ನು ಅಂಕಕ್ಕೆ ಸೇರಿಸಲು ಒಪ್ಪಲಿಲ್ಲ. ಈಗ ತಿದ್ದಿದರೆ ಈವರೆಗೆ ಕತ್ತರಿಸಿದ್ದೆಲ್ಲ ತಪ್ಪು ಎಂದು ಒಪ್ಪಿದಂತಾಗುತ್ತದಲ್ಲ ಎಂದು ಸಮಿತಿಯ ಅಧ್ಯಕ್ಷರು ಮೆತ್ತಗೆ ಹೇಳಿ ಫೈಲು ಮುಚ್ಚಿದರು. ಅಧ್ಯಕ್ಷರೆಂದರೆ ಮತ್ತಾರೂ ಅಲ್ಲ, ಪಟ್ಟಣಶೆಟ್ಟಿಯವರೇ. ಅವರ ಸಹಿಯಿಲ್ಲದೆ ಸೂತ್ರದ ಒಂದಕ್ಷರವೂ ಕದಲುವಂತಿರಲಿಲ್ಲ.

ಅಷ್ಟರಲ್ಲಿ ಅವರಿಗೂ ಶುಗರ್ ಬಂದಿತ್ತು. ಸಕ್ಕರೆಗೆ ದೊಡ್ಡವರು ಚಿಕ್ಕವರೆಂಬ ಭೇದವಿಲ್ಲ. ಅವರು ಮೊದಲ ದಿನದಿಂದಲೇ ಕಾವಲು ಚಪ್ಪಲಿ ಮೆಟ್ಟಿ, ಬೆಳಿಗ್ಗೆ ಸ್ಟೇಡಿಯಮ್ಮಿನಲ್ಲಿ ಸುತ್ತು ಹಾಕಿ, ಎಂಬತ್ತೆಂಟು ತೊಂಬತ್ತರ ಅಂಕವನ್ನು ಸಭೆಗಳಲ್ಲಿ ಎಲ್ಲರಿಗೂ ತೋರಿಸುತ್ತಿದ್ದರು. ಶಿವಲೀಲಾ ಪ್ರತಿ ಸಂಜೆ ಆ ಗೆರೆಯನ್ನು ನೋಡುತ್ತಿದ್ದಳು. ಅದು ಒಂದು ದಿನವಾದರೂ ಸೋಲಲಿ ಎಂದು ಅವಳು ದೇವರನ್ನು ಬೇಡಿಕೊಂಡದ್ದುಂಟು.

ಶ್ರಾವಣ ಬಂತು. ಪಟ್ಟಣಶೆಟ್ಟಿಯವರ ಹೆಂಡತಿ ಹರಕೆ ಹೊತ್ತಿದ್ದರು: ಸೊಸೆ ಬಸುರಿಯಾದರೆ ಮನೆಯ ಯಜಮಾನ ಶ್ರಾವಣವಿಡೀ ಚಪ್ಪಲಿ ಬಿಟ್ಟು ದಿನಾ ಮಠಕ್ಕೆ ನಡೆದು ಹೋಗುತ್ತಾರೆ ಎಂದು. ಹರಕೆ ಹೊತ್ತವರು ಹೆಂಡತಿ, ತೀರಿಸಬೇಕಾದವರು ಗಂಡ. ಸೊಸೆ ಬಸುರಿಯಾದಳು. ಶುಗರ್ ಇದ್ದವರು ಬರಿಗಾಲಲ್ಲಿ ಒಂದು ಹೆಜ್ಜೆಯೂ ಇಡಬಾರದೆಂದು ಜಿಲ್ಲೆಗೆಲ್ಲ ಭಾಷಣ ಮಾಡಿದ ಡಾಕ್ಟರು ಹೆಂಡತಿಯ ಮಾತಿಗೆ ಎದುರಾಡದೆ ಚಪ್ಪಲಿ ಬಿಟ್ಟರು. ತಿಂಗಳೊಪ್ಪತ್ತಿನಲ್ಲಿ ಏನಾದೀತು ಎಂದುಕೊಂಡಿರಬೇಕು. ತಮ್ಮ ಕಾಲು ತಮಗೆ ಗೊತ್ತು ಎಂಬ ಭರವಸೆ ಡಾಕ್ಟರಿಗೆ ಇರುವಷ್ಟು ಬೇರೆ ಯಾರಿಗೂ ಇರುವುದಿಲ್ಲ.

ನಿಯಂತ್ರಣ ಕೊಠಡಿಯಲ್ಲಿ ಅವರ ಗೆರೆ ಮಲಗಿದ್ದನ್ನು ಮೊದಲು ಕಂಡವಳು ಶಕೀಲಾ ನದಾಫ. ಶಿವಲೀಲಾಳ ಜೊತೆ ಬಹಳ ವರ್ಷಗಳಿಂದ ಕೆಲಸ ಮಾಡುತ್ತಿದ್ದವಳು. ಬಂದು, ಅಧ್ಯಕ್ಷರ ಗೆರೆ ಎರಡು ದಿನದಿಂದ ಅಲುಗಾಡಿಲ್ಲ, ಬರಿಗಾಲಲ್ಲಿ ಓಡಾಡುತ್ತಿದ್ದರೆ ಗಾಯವಾದೀತು, ಮನೆಗೆ ಫೋನ್ ಮಾಡಲೇ ಎಂದು ಕೇಳಿದಳು. ಶಿವಲೀಲಾ ಪರದೆಯಿಂದ ಕಣ್ಣು ತೆಗೆಯಲಿಲ್ಲ.

"ಗೆರಿ ಮಲಗಿದ್ರ ಏನ್ ಮಾಡಬೇಕಂತ ರೂಲ್ ಐತಿ ಶಕೀಲಾ?"

"ಗೆರಿ ಮಲಗಿದ್ರ ಕಾಲು ಮಲಗೈತಿ, ಕಾಡಸಬ್ಯಾಡ್ರಿ ಅಂತೈತಿ."

"ಬರದವರು ಯಾರು?"

ಶಕೀಲಾ ಕೈಯಲ್ಲಿದ್ದ ಫೋನನ್ನು ಮೇಜಿನ ಮೇಲಿಟ್ಟಳು.

"ಮತ್ತ? ಮಲಗಲಿ ಬಿಡು."

ಆ ನಿಯಮ ಪಟ್ಟಣಶೆಟ್ಟಿಯವರದೇ. ಮಲಗಿದ ಗೆರೆಗೆಲ್ಲ ಫೋನ್ ಮಾಡುತ್ತ ಕೂತರೆ ಕೊಠಡಿಯವರಿಗೆ ಬೇರೆ ಕೆಲಸವೇ ಆಗದು ಎಂದು ಅವರೇ ಹಿಂದೆ ಬರೆಸಿದ್ದರು. ದಾನಮ್ಮನ ಗೆರೆ ಮಲಗಿದಾಗಲೂ ಯಾರೂ ಫೋನ್ ಮಾಡದಿದ್ದದ್ದು ಆ ನಿಯಮದಿಂದಲೇ. ನಿಯಮವನ್ನು ಅಕ್ಷರಶಃ ಪಾಲಿಸುವುದರಲ್ಲಿ ಇಷ್ಟು ಸುಖವಿದೆಯೆಂದು ಶಿವಲೀಲಾಳಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಮರುವಾರ ಸ್ಕೂಟರಿನಲ್ಲಿ ಕೆಲಸಕ್ಕೆ ಬರುವಾಗ ಅವರು ಎದುರಿಗೇ ಸಿಕ್ಕರು. ಹಣೆಗೆ ವಿಭೂತಿ, ಬಿಳಿ ಜುಬ್ಬಾ, ಜುಬ್ಬಾದ ಜೇಬಿನಲ್ಲಿ ಫೋನು, ಬರಿಗಾಲು. ರಸ್ತೆ ಅಗೆದು ಜಲ್ಲಿ ಹರವಿದ್ದರು. ಅದರ ಮೇಲೆಯೇ ಅವರು ಆರಾಮಾಗಿ ನಡೆದು ಬರುತ್ತಿದ್ದರು. ಆರಾಮಾಗಿ ಎಂಬುದೇ ಅವಳ ಕಣ್ಣಿಗೆ ಬಿತ್ತು. ಕಲ್ಲು ಒತ್ತಿದರೆ ಯಾರಾದರೂ ತುಸು ಕಾಲೆತ್ತುತ್ತಾರೆ, ಅವರು ಎತ್ತುತ್ತಿರಲಿಲ್ಲ. ಅಂದರೆ ಅವರ ಅಂಗಾಲು ಆಗಲೇ ನೋವನ್ನು ಮರೆತಿತ್ತು. ನಿಲ್ಲಿಸಿ ಒಂದು ಮಾತು ಹೇಳಿದ್ದರೆ ಸಾಕಿತ್ತು. ಅವಳು ನಿಲ್ಲಿಸಿದಳು, ನಮಸ್ಕಾರ ಸರ್ ಎಂದಳು, ಸೊಸೆಯ ಆರೋಗ್ಯ ವಿಚಾರಿಸಿದಳು. ಅವರು ಸಂತೋಷದಿಂದ ಉತ್ತರ ಹೇಳಿ ಮಠದ ಕಡೆಗೆ ಹೋದರು. ಅವಳು ಸ್ಕೂಟರ್ ಚಾಲೂ ಮಾಡಿದಳು.

ಆ ದಿನ ಮಧ್ಯಾಹ್ನ ಖಾನಾವಳಿಗೆ ಹೋದಾಗ ದಾನಮ್ಮ ಪಂಕ್ತಿ ಮುಗಿಸಿ, ಕೃತಕ ಕಾಲನ್ನು ಬಿಚ್ಚಿ ಗೋಡೆಗೆ ಒರಗಿಸಿ, ಮೊಂಡುಗಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದಳು. ಇಲ್ಲದ ಪಾದದ ಹೆಬ್ಬೆರಳು ಇವತ್ತು ಬಹಳ ತುರಿಸುತ್ತಿದೆ ಎಂದಳು. ಎಷ್ಟು ವರ್ಷವಾದರೂ ಆ ತುರಿಕೆ ಹೋಗಿರಲಿಲ್ಲ. ಕೆರೆಯೋಣವೆಂದರೆ ಅಲ್ಲಿ ಬೆರಳಿಲ್ಲ, ಬಿಡೋಣವೆಂದರೆ ತುರಿಕೆ ಬಿಡುವುದಿಲ್ಲ. ಅವಳು ಗೋಡೆ ನೋಡುತ್ತ ಹಲ್ಲು ಕಚ್ಚಿಕೊಂಡಿದ್ದಳು. ಶಿವಲೀಲಾ ಡಾಕ್ಟರ ವಿಷಯವನ್ನು ತಾಯಿಗೆ ಹೇಳಲಿಲ್ಲ. ಪಕ್ಕದಲ್ಲಿ ಕೂತು ಎಣ್ಣೆಯ ಬಟ್ಟಲನ್ನು ತನ್ನ ಕೈಗೆ ತೆಗೆದುಕೊಂಡಳು. ತಾಯಿಯ ಆ ಮೊಂಡುಗಾಲನ್ನು ತಿಕ್ಕುವಾಗ, ಬೆಳಿಗ್ಗೆ ಮಾಡಿದ್ದರಲ್ಲಿ ತಪ್ಪೇನಿದೆ ಎಂದು ಅವಳಿಗೆ ಮತ್ತೆ ಮತ್ತೆ ಅನಿಸಿತು.

ಶ್ರಾವಣ ಮುಗಿದ ವಾರದಲ್ಲಿ ಪಟ್ಟಣಶೆಟ್ಟಿಯವರನ್ನು ಜ್ವರ ಸಮೇತ ಕೇಂದ್ರಕ್ಕೆ ಕರೆತಂದರು. ಎಡಗಾಲಿನ ಅಂಗಾಲಲ್ಲಿ ಜಲ್ಲಿಯ ಚೂರೊಂದು ಹೂತು, ಮೇಲೆ ಚರ್ಮ ಮುಚ್ಚಿಕೊಂಡು, ಒಳಗೆಲ್ಲ ಕೀವಾಗಿತ್ತು. ಎರಡು ಬೆರಳು ಕಪ್ಪಾಗಿದ್ದವು. ಶಸ್ತ್ರಚಿಕಿತ್ಸೆಯವರು ಪಾದಾಂಕ ನೋಡಿದರು. ಅಂಕಕ್ಕೆ ಲೆಕ್ಕವಾಗುವ ಕಳೆದ ತಿಂಗಳ ನಡಿಗೆಯೆಲ್ಲ ಸೊನ್ನೆ. ಅಂಕ ಹದಿನಾಲ್ಕು. ಇನ್ನು ಕತ್ತಿಯೇ ಎಂದು ಅಧ್ಯಕ್ಷರಿಗೆ ಹೇಳಲು ಯಾರಿಗೂ ಧೈರ್ಯವಿರಲಿಲ್ಲ. ಶಿವಲೀಲಾ ತಾನಾಗಿ ಹೋದಳು. ಹಾಸಿಗೆಯ ಮೇಲೆ ಅವರು ಸಿಟ್ಟಿನಿಂದ ಕುದಿಯುತ್ತಿದ್ದರು.

"ಇಡೀ ಶ್ರಾವಣ ನಾ ಮಠಕ್ಕ ನಡಕೋತ ಹೋಗೀನಿ. ಊರ ಮಂದಿ ನೋಡ್ಯಾರ. ನೀನೂ ನೋಡೀದಿ. ಹದಿನಾಲ್ಕು ಹೆಂಗ ಬರತದ?"

"ನೋಡೀನಿ ಸರ್. ಆದ್ರ ಚಪ್ಪಲಿ ನೋಡಿಲ್ಲ. ಚಪ್ಪಲಿ ನೋಡದ್ದು ಅಡ್ಡಾಟ, ನಡಿಗಿ ಅಲ್ಲ. ನೀವ ಹೇಳಿದ್ರಿ."

ಅವರು ಅವಳ ಮುಖವನ್ನು ದಿಟ್ಟಿಸಿದರು. ಆ ಹಳೆಯ ಮಾತು, ಆ ಹುಡುಗಿ, ತಾವು ಕೊಡಿಸಿದ ಚಹಾ ಎಲ್ಲ ನೆನಪಿಗೆ ಬಂದಿರಬೇಕು. ದನಿ ಇಳಿಯಿತು. ನಿಮ್ಮವ್ವನ ವಿಷಯ ಇನ್ನೂ ಮನಸ್ಸಿನಲ್ಲಿ ಇಟ್ಟುಕೊಂಡಿದ್ದೀಯಾ ಎಂದು ಕೇಳಿದರು. ಇಟ್ಟುಕೊಂಡಿದ್ದೇನೆ ಎಂದು ಅವಳು ಮುಚ್ಚುಮರೆಯಿಲ್ಲದೆ ಹೇಳಿದಳು. ಆಮೇಲೆ ಅವರು ತಮ್ಮೊಬ್ಬರಿಗೆ ವಿನಾಯಿತಿ ಕೊಡಿಸಲು ಹೇಳಿದರು, ಬೇಡಿಕೊಂಡರು, ಗದರಿಸಿದರು. ಫೋನಿನಲ್ಲಿ ತಾವು ನಡೆದದ್ದೆಲ್ಲ ದಾಖಲಾಗಿದೆ, ಅದನ್ನು ಸೇರಿಸಿಕೊಳ್ಳಿ ಎಂದರು. ಸೂತ್ರ ಎಲ್ಲರಿಗೂ ಒಂದೇ ಎಂದು ಅವಳು ಹೇಳಿದಳು. ಫೋನಿನ ನಡಿಗೆ ಸೇರಬೇಕಾದರೆ ಕರಿದಾರದ ನಡಿಗೆಯೂ ಸೇರಬೇಕು. ಚಪ್ಪಲಿ ಬಿಟ್ಟು ನಡೆದದ್ದು ನಡಿಗೆಯಾದರೆ ಎಲ್ಲರಿಗೂ ಆಗಬೇಕು, ನಾಳೆಯಿಂದಲ್ಲ, ಇವತ್ತಿನಿಂದ. ಆದೇಶ ಸಿದ್ಧವಿದೆ, ಅಧ್ಯಕ್ಷರ ಸಹಿಯೊಂದು ಬಾಕಿ.

ಅವರು ಓದಿದರು. ಕೊನೆಯ ಸಾಲಿನಲ್ಲಿ ಕಣ್ಣು ನಿಂತಿತು. ಈವರೆಗಿನ ಸೂತ್ರ ತಪ್ಪಾಗಿತ್ತು, ಅದರಿಂದ ಉಳಿಯಬೇಕಾದ ಕಾಲುಗಳು ಹೋಗಿವೆ ಎಂದು ಅಲ್ಲಿ ಬರೆದಿತ್ತು. ಆ ಒಂದು ಸಾಲು ತೆಗೆ ಎಂದರು. ತೆಗೆಯುವುದಿಲ್ಲ ಎಂದಳು. ಅವರು ಪಕ್ಕಕ್ಕೆ ತಿರುಗಿ ತಮ್ಮ ಎಡಗಾಲನ್ನು ನೋಡಿದರು. ವಾಸನೆ ಅವರ ಮೂಗಿಗೂ ಬಂದಿರಬೇಕು. ಸಹಿ ಮಾಡಿದರು.

ಎಷ್ಟೋ ವರ್ಷ ಕಾದ ಸಹಿ. ಶಿವಲೀಲಾ ಅದನ್ನು ಹಿಡಿದು ನಿಯಂತ್ರಣ ಕೊಠಡಿಗೆ ಹೋದಳು. ಶಕೀಲಾ ಹೊಸ ಸೂತ್ರ ಹಾಕಿದಳು. ಪರದೆಯ ಮೇಲೆ ಅಂಕಗಳು ಒಂದೊಂದಾಗಿ ಬದಲಾದವು. ಬಹಳ ಕಾಲದಿಂದ ಹಾಸಿಗೆ ಹಿಡಿದವರೆಂದು ಬರೆಸಿಕೊಂಡಿದ್ದ ಕರಿದಾರದ ಹೆಂಗಸರು ಒಬ್ಬೊಬ್ಬರೇ ಎದ್ದು ನಿಂತು ನಡೆಯತೊಡಗಿದಂತೆ ಕಂಡಿತು. ಶಕೀಲಾ ಕಣ್ಣೊರೆಸಿಕೊಂಡಳು.

ಪಟ್ಟಣಶೆಟ್ಟಿಯವರ ಅಂಕ ಅರವತ್ತೊಂದಕ್ಕೆ ಏರಿತು. ಅವರಿಗೆ ಚಿಗುರು ಸಿಗಬಹುದಾಗಿತ್ತು. ಆದರೆ ಲ್ಯಾಬಿನಲ್ಲಿ ಆ ವಾರ ಮಾಗಿದ್ದು ಒಂದೇ ಜಾಡಿ. ಮುಂದಿನದು ಮಾಗುವ ತನಕ ಯಾವ ಕಪ್ಪು ಬೆರಳೂ ಕಾಯುವುದಿಲ್ಲ. ಸರದಿಯಲ್ಲಿ ಅವರಿಗಿಂತ ಮೇಲೆ ಬೆಟಗೇರಿಯ ತುಳಸವ್ವನ ಹೆಸರು ಬಂದಿತ್ತು. ತುಳಸವ್ವ ಕುಣಿಮಗ್ಗದ ತಗ್ಗಿನಲ್ಲಿ ಕಾಲು ಇಳಿಬಿಟ್ಟು ಕೂತು ಹಗಲೆಲ್ಲ ಬರಿಗಾಲಿನಲ್ಲಿ ಮಗ್ಗದ ತುಳಿಮಣೆ ತುಳಿಯುವವಳು, ಎದ್ದರೆ ನೀರು, ಒಲೆ, ಮೊಮ್ಮಕ್ಕಳ ಹಿಂದೆ ಓಟ. ಅವಳ ಕಣಕಾಲಿನ ಕರಿದಾರ ಇದನ್ನೆಲ್ಲ ಕಂಡಿತ್ತು. ಗಾಯವಾಗಿ, ಹಳೆಯ ಸೂತ್ರದಲ್ಲಿ ಒಂಬತ್ತು ಅಂಕ ಪಡೆದು ಕತ್ತಿಗೆ ಕಾಯುತ್ತಿದ್ದ ಕಾಲು ಹೊಸದರಲ್ಲಿ ಎಂಬತ್ತನಾಲ್ಕಾಗಿತ್ತು. ಚಿಗುರು ತುಳಸವ್ವನಿಗೆ ಹೋಯಿತು.

ಶಿವಲೀಲಾಳಿಗೆ ಸಂತೋಷವಾಯಿತು. ಸುಳ್ಳು ಯಾಕೆ ಹೇಳಬೇಕು? ತುಳಸವ್ವನ ಕಾಲು ಉಳಿಯಿತೆಂದು ಆದ ಸಂತೋಷ ಒಂದು ಪಾಲಾದರೆ, ಇನ್ನೊಬ್ಬರ ಕಾಲು ಹೋಗುತ್ತದೆಂದು ಆದದ್ದು ಮೂರು ಪಾಲು. ಅನ್ಯಾಯದ ಲೆಕ್ಕದಲ್ಲಿ ಅವರ ಕಾಲು ಹೋಗಿದ್ದರೆ ಅವರು ಸಾಯುವ ತನಕ ಯಂತ್ರವನ್ನು ಬಯ್ದುಕೊಂಡು ಇರುತ್ತಿದ್ದರು. ಈಗ ನ್ಯಾಯದ ಲೆಕ್ಕದಲ್ಲಿ, ತಾವೇ ಸಹಿ ಮಾಡಿದ ಲೆಕ್ಕದಲ್ಲಿ ಹೋಗುತ್ತಿತ್ತು. ಬಯ್ಯಲು ಅವರಿಗೆ ಯಾರೂ ಉಳಿದಿರಲಿಲ್ಲ.

ಶಸ್ತ್ರಚಿಕಿತ್ಸೆಗೆ ಒಯ್ಯುವ ಮೊದಲು ಅವರು ಶಿವಲೀಲಾಳನ್ನು ಕರೆಸಿದರು. ಸಿಟ್ಟು ಇರಲಿಲ್ಲ, ಜ್ವರದಲ್ಲಿ ತುಟಿ ಒಣಗಿತ್ತು.

"ಸಹಿ ಮಾಡಿಸಿಕೊಳ್ಳೂವಾಗ ಆ ತುಳಸವ್ವನ ಅಂಕ ನಿನಗ ಗೊತ್ತಿತ್ತು."

"ಗೊತ್ತಿತ್ತು ಸರ್."

"ನನಗ ಹೇಳಲಿಲ್ಲ."

"ನೀವು ಕೇಳಲಿಲ್ಲ. ನಿಮ್ಮ ಅಂಕ ಒಂದ ಕೇಳಿದ್ರಿ."

ಅವರು ಕಣ್ಣು ಮುಚ್ಚಿದರು. ದಾದಿಯರು ಗಾಲಿಮಂಚವನ್ನು ತಳ್ಳಿಕೊಂಡು ಹೋದರು. ಅವಳು ಬಾಗಿಲು ಮುಚ್ಚುವ ತನಕ ಅಲ್ಲೇ ನಿಂತು ನೋಡಿದಳು. ಅಷ್ಟನ್ನಾದರೂ ನೋಡುವ ಹಕ್ಕು ತನಗಿದೆ ಎಂದು ಅವಳ ನಂಬಿಕೆ.

ಖಾನಾವಳಿಗೆ ಬಂದಾಗ ಪಂಕ್ತಿಗಳೆಲ್ಲ ಎದ್ದುಹೋಗಿದ್ದವು. ದಾನಮ್ಮ ಅವಳೊಬ್ಬಳಿಗಾಗಿ ಹಂಚಿನ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಳು. ಶಿವಲೀಲಾ ತಾಟಿನ ಮುಂದೆ ಕೂತು ಎಲ್ಲವನ್ನೂ ಹೇಳಿದಳು. ಹರಕೆ, ಜಲ್ಲಿ, ಹದಿನಾಲ್ಕು, ಸಹಿ, ತುಳಸವ್ವ. ದಾನಮ್ಮನ ಕೈ ನಿಲ್ಲಲಿಲ್ಲ. ಯಾವ ಕಾಲು ಎಂದು ಕೇಳಿದಳು. ಎಡಗಾಲು ಎಂದಾಗ, ಮೊಣಕಾಲ ಮೇಲೋ ಕೆಳಗೋ ಎಂದು ಕೇಳಿದಳು. ಕೆಳಗೆ ಎಂದು ತಿಳಿದ ಮೇಲೆ, ಕೆಳಗಾದರೆ ನಡೆಯುವುದನ್ನು ಕಲಿಯುತ್ತಾನೆ, ತುರಿಕೆಯನ್ನೂ ಕಲಿಯುತ್ತಾನೆ ಎಂದಳು. ಅವಳ ದನಿಯಲ್ಲಿ ಕನಿಕರವಿರಲಿಲ್ಲ. ಬದನೆಯ ಎಣಗಾಯಿ ಬಡಿಸಿ, ಮೇಲೆ ಶೇಂಗಾ ಹಿಂಡಿಯ ಪುಡಿ ಹಾಕಿದಳು.

ಆಮೇಲೆ ಒಂದು ವಿಷಯ ಅವಳಿಗೆ ಬಗೆಹರಿಯಲಿಲ್ಲ. ಒಂದು ತಿಂಗಳು ಚಪ್ಪಲಿಯಿಲ್ಲದೆ ತಿರುಗಿದರೆ ನಿಮ್ಮ ಪರದೆಯಲ್ಲಿ ಕಾಣುವುದಿಲ್ಲವೇ ಎಂದು ಕೇಳಿದಳು. ಕಾಣುತ್ತದೆ ಎಂದಳು ಶಿವಲೀಲಾ. ಮತ್ತೆ ನೀನೇನು ಮಾಡಿದೆ ಎಂದರೆ, ದಿನಾ ನೋಡುತ್ತ ಕೂತಿದ್ದೆ ಎಂದಳು.

ದಾನಮ್ಮ ಹಿಟ್ಟಿನ ಕೈಯನ್ನು ಸೀರೆಗೆ ಒರೆಸಿಕೊಂಡು ಮಗಳ ಕಡೆಗೆ ತಿರುಗಿದಳು.

"ನನ್ನ ಗೆರಿ ಮಲಗಿದಾಗೂ ಅಲ್ಲಿ ಒಬ್ಬಾಕಿ ಕುಂತಿರಬೇಕಲ್ಲ. ಆಕಿನೂ ಹಿಂಗ ನೋಡಿಕೋತ ಕುಂತಿದ್ಲೇನು?"

"ಆಕಿಗೆ ಗೊತ್ತಿರಲಿಲ್ಲ ಯವ್ವಾ," ಎಂದಳು ಶಿವಲೀಲಾ. "ನನಗ ಗೊತ್ತಿತ್ತು."

ದಾನಮ್ಮ ಮತ್ತೆ ಒಲೆಯ ಕಡೆಗೆ ತಿರುಗಿದಳು. ಹಂಚಿನ ಮೇಲೆ ಉಬ್ಬಿದ್ದ ರೊಟ್ಟಿಯನ್ನು ತೆಗೆದು ತಾಟಿಗೆ ಹಾಕಿದಳು. ಶಿವಲೀಲಾಳಿಗೆ ಎಷ್ಟೋ ವರ್ಷಗಳಿಂದ ಇಲ್ಲದ ಹಸಿವಾಗಿತ್ತು. ಬಿಸಿ ರೊಟ್ಟಿಯನ್ನು ಮುರಿದು ಮುರಿದು ಉಂಡಳು, ಇನ್ನೊಂದು ಕೇಳಿದಳು. ದಾನಮ್ಮ ಹಾಕಲು ತುಸು ತಡ ಮಾಡಿದಳು, ಆದರೂ ಹಾಕಿದಳು.